ಯಾರ ಪೈಕಿ ಎಂದು ಕೇಳದ ಜಾಲ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ಎಂದು ಹಾವೇರಿಯ ಕೋರ್ಟಿನ ಹಿಂದಿನ ಬೀದಿಯಲ್ಲಿ ನನಗೆ ಹೆಸರಿದೆ. ಇರಲಿ. ಈ ಸಂಗತಿ ಹೇಳುವಾಗ ಆ ಸಿಟ್ಟನ್ನು ಬದಿಗಿಟ್ಟು ಮಾತಾಡುವ ಇರಾದೆ ನನಗಿಲ್ಲ. ನಾನು ಸುಮಯ್ಯಾ. ಆ ಬೀದಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದೇನೆ. ವಕೀಲರ ಅರ್ಜಿ ಟೈಪು ಮಾಡುತ್ತೇನೆ, ಹುಡುಗಿಯರಿಗೆ ಪಾಠ ಹೇಳುತ್ತೇನೆ, ಕೆಟ್ಟುಹೋದ ಯಂತ್ರ ರಿಪೇರಿ ಮಾಡುತ್ತೇನೆ. ಬ್ಯಾಡಗಿಯಿಂದ ಬಂದ ಕಂಪ್ಯೂಟರ್ ಬಿಚ್ಚಿದರೆ ಮೊದಲು ಸೀನು, ಆಮೇಲೆ ಕೆಲಸ. ಅಲ್ಲಿನ ಮೆಣಸಿನಕಾಯಿ ಘಾಟು ಒಳಗಿನ ಫ್ಯಾನಿನ ಸಂದಿಯನ್ನೂ ಬಿಟ್ಟಿರುವುದಿಲ್ಲ.

ನಮ್ಮ ಕಡೆ ಇಬ್ಬರು ಎದುರುಬದುರು ಕೂತರೆ, ಅದು ಬಸ್ಸಾಗಲಿ, ದವಾಖಾನೆಯಾಗಲಿ, ಮೊದಲ ಪ್ರಶ್ನೆ 'ಯಾವೂರ್ರಿ?' ಎರಡನೆಯದು 'ಯಾರ ಪೈಕಿ?' ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ, ಅದನ್ನು ಒಪ್ಪುತ್ತೇನೆ. ಸರಿಯಾದ ಉತ್ತರ ಬಂದರೆ ಎಲ್ಲೋ ಒಂದು ಬೀಗತನ ಹೊರಡುತ್ತದೆ, ರೊಟ್ಟಿಯ ಗಂಟು ಬಿಚ್ಚುತ್ತದೆ, ಹಿಡಿ ಶೇಂಗಾ ಚಟ್ನಿ ನಿಮ್ಮ ಕೈಗೆ ಬರುತ್ತದೆ. ನನ್ನ ಹೆಸರು ಕೇಳಿದ ಮೇಲೆ ಮಾತ್ರ 'ಓ...' ಎಂದು ಒಂದು ಸಣ್ಣ ತಡೆ. ಆಮೇಲೆ, 'ಆದ್ರೂ ಕನ್ನಡ ಎಷ್ಟ್ ಛಂದ ಮಾತಾಡ್ತೀರಲ್ಲ!' ನನ್ನ ಅಪ್ಪನ ಅಜ್ಜ ಹುಟ್ಟಿದ್ದು ಹಾವೇರಿಯಲ್ಲಿ. ನಾನು ಕನ್ನಡ ಮಾತಾಡದೆ ಇನ್ನೇನು ಫ್ರೆಂಚ್ ಮಾತಾಡಬೇಕಿತ್ತೇ? ಸೆಂಟರಿಗೆ ಜಾಗ ಹುಡುಕುವಾಗ ಫೋನಿನಲ್ಲಿ 'ಬರ್ರಿ, ನೋಡ್ರಿ' ಎಂದ ಮೂರು ಮಾಲೀಕರು, ಹೆಸರು ಹೇಳಿದ ಮೇಲೆ 'ನಮ್ಮ ತಮ್ಮಗ ಬೇಕಾಗೈತಂತರೀ' ಎಂದರು. ಮೂವರಿಗೂ ಒಮ್ಮೆಲೇ ತಮ್ಮಂದಿರು ಹುಟ್ಟಿಕೊಂಡಿದ್ದರು.

ಇದು ಎರಡು ಸಾವಿರದ ಏಳರ ಮಾತು. ಊರಿಗೆ ಆಗಷ್ಟೇ ಬ್ರಾಡ್‌ಬ್ಯಾಂಡ್ ಬಂದಿತ್ತು. ಸೈಬರ್ ಸೆಂಟರಿಗೆ ಬಂದವರ ಗುರುತು ಕೇಳಿರಿ, ಏನು ನೋಡುತ್ತಾರೆಂದು ಕಣ್ಣಿಡಿರಿ ಎಂಬ ಹುಕುಂ ಅದರ ಬೆನ್ನಿಗೇ ಬಂತು. ಒಬ್ಬ ಹುಡುಗಿ ತನ್ನ ಮುಟ್ಟಿನ ತೊಂದರೆ ಬಗ್ಗೆ ಓದಲು ಬಂದರೆ ಅದು ಠಾಣೆಯವರಿಗೆ ಯಾಕೆ ಗೊತ್ತಾಗಬೇಕು? ಆ ಸಿಟ್ಟಿನಲ್ಲೇ ನಾನೊಂದು ಪ್ರೋಗ್ರಾಮು ಹುಡುಕಿ ತಂದು, ನನಗೆ ಬೇಕಾದಂತೆ ತಿದ್ದಿ, ಪರಿಚಯದವರ ಯಂತ್ರಗಳಿಗೆ ಹಾಕಿದೆ. ಅದರಲ್ಲಿ ನಡುವೆ ಕೂತು ಎಲ್ಲವನ್ನೂ ನೋಡುವ ದೊಡ್ಡ ಯಂತ್ರ ಇರುವುದಿಲ್ಲ. ಎಲ್ಲ ಯಂತ್ರಗಳೂ ಸಮ. ನೀವು ಬರೆದದ್ದು ಚೂರುಚೂರಾಗಿ, ಬೀಗ ಬಿದ್ದು, ಎಲ್ಲರ ಯಂತ್ರಗಳಲ್ಲೂ ಹರಡಿಕೊಳ್ಳುತ್ತದೆ. ಬರೆದವರು ಯಾರೆಂದು ನನಗೂ ಗೊತ್ತಾಗುವುದಿಲ್ಲ. ಒಮ್ಮೆ ಒಳಗೆ ಹೋದದ್ದನ್ನು ಯಾರೂ ಅಳಿಸಲಾರರು, ಬರೆದವರೂ ಸಹ. ಅಲ್ಲಿ ಯಾರಿಗೂ ಹೆಸರಿಲ್ಲ, ತಾವೇ ಇಟ್ಟುಕೊಂಡ ಅಡ್ಡಹೆಸರು ಅಷ್ಟೇ. ಅಲ್ಲಿ ನಾನು ತಿಂಗಳುಗಟ್ಟಲೆ ಬರೆದೆ, ಜಗಳಾಡಿದೆ, ನಕ್ಕೆ. ನನ್ನ ಕನ್ನಡ ಚೆನ್ನಾಗಿದೆ ಎಂದು ಒಬ್ಬರೂ ಹೇಳಲಿಲ್ಲ. ಅದೆಂಥ ನೆಮ್ಮದಿ ಎಂದು ನಿಮಗೆ ತಿಳಿಯಬೇಕಾದರೆ ನೀವು ನನ್ನ ಹೆಸರಿಟ್ಟುಕೊಂಡು ಬಾಡಿಗೆ ಮನೆ ಹುಡುಕಬೇಕು.

ನನ್ನ ಹಾಗೆಯೇ ಇನ್ನಿಬ್ಬರಿದ್ದರು. ರಾಣೆಬೆನ್ನೂರಿನಲ್ಲಿ ವಿಜಯಮಹಾಂತೇಶ, ಕಾಲೇಜಿನ ಲೆಕ್ಚರರು. ಅವರ ಜಾಲ ಬೇರೆ ಥರದ್ದು. ಮಾತಿಗೆ ಉಳ್ಳಾಗಡ್ಡಿಯಂತೆ ಪದರ ಮೇಲೆ ಪದರ ಸುತ್ತಿ, ಒಂದೊಂದು ಯಂತ್ರ ಒಂದೊಂದೇ ಪದರ ಬಿಚ್ಚಿ ಮುಂದೆ ದಾಟಿಸುವಂಥದು. ಬ್ಯಾಡಗಿಯಲ್ಲಿ ಶಂಭುಲಿಂಗ, ಮಾರ್ಕೆಟಿನ ಮಗ್ಗುಲಲ್ಲೇ ಸೈಬರ್ ಇಟ್ಟವನು. ಅವನ ಜಾಲದಲ್ಲಿ ಪ್ರತಿ ಯಂತ್ರವೂ ತನ್ನ ಗುರುತಿನ ಯಂತ್ರದೊಡನೆ ಮಾತ್ರ ಮಾತಾಡುತ್ತದೆ. ಮೂರು ಊರು, ಮೂರು ಜಾಲ. ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಶಂಭುಲಿಂಗ ಕೆಟ್ಟ ಯಂತ್ರವೊಂದನ್ನು ಹೊತ್ತುಕೊಂಡು ಬಂದ. ಯಂತ್ರಕ್ಕೆ ಏನೂ ಆಗಿರಲಿಲ್ಲ, ಅದು ನೆವ.

"ಅಕ್ಕಾರ, ನಮ್ಮ ಜಾಲದಾಗ ಯಾರೋ ಒಂದು ಸಂಗತಿ ಬರದಾರ್ರಿ. ಓದಿದಾಗಿಂದ ನನಗ ಊಟಾ ಇಳೀವಲ್ದು," ಎಂದ.

ಬರೆದವರ ಅಡ್ಡಹೆಸರು 'ತೊಟ್ಟು'. ಬ್ಯಾಡಗಿಯ ಹೆಂಗಸರು ದಿನವಿಡೀ ಕೂತು ಮೆಣಸಿನಕಾಯಿಯಿಂದ ಚಿವುಟಿ ಬಿಸಾಡುತ್ತಾರಲ್ಲ, ಆ ತೊಟ್ಟು. ಬರೆದದ್ದು ಮಾಲತೇಶಪ್ಪ ಎಂಬವನ ಖಾರಪುಡಿ ಗಿರಣಿಯ ಬಗ್ಗೆ. ಬಣ್ಣ ಹೋದ ಹಳೆಯ ಕಾಯಿ ಬೀಸಿ, ಅದಕ್ಕೆ ಬಟ್ಟೆಗೆ ಹಾಕುವ ಕೆಂಪು ಬಣ್ಣ ಕಲಸುತ್ತಾರೆ. ತಪಾಸಣೆಯವರು ಬಂದರೆ ಬೇರೆ ತೆಗೆದಿಟ್ಟ ಶುದ್ಧ ಪುಡಿಯ ಪೊಟ್ಟಣ ಕೊಟ್ಟು ಕಳಿಸುತ್ತಾರೆ. ಕೊನೆಗೆ ಒಂದು ಮಾತಿತ್ತು: 'ಈ ಪುಡಿ ನನ್ನ ಮನೆಯಾಗೂ ಐತಿ. ನನ್ನ ಮಗಳು ಅದರಾಗ ರೊಟ್ಟಿ ಅದ್ದಿಕೊಂಡು ತಿಂತಾಳ.'

"ನಮ್ಮ ಜಾಲದಾಗ ಇರೂದು ಒಂದ ಓಣಿಯಷ್ಟು ಮಂದಿ," ಎಂದ ಶಂಭುಲಿಂಗ. "ಇದು ಮಾಲತೇಶಪ್ಪನ ಕಿವಿಗೆ ಬಿದ್ರ ಒಂದ ಹಗಲಿನ್ಯಾಗ ಹುಡುಕ್ತಾನ. ಹುಡುಕಿದ್ರ ಏನ್ ಮಾಡ್ತಾನಂತ ನಿಮಗ ಗೊತ್ತಲ್ರಿ."

ಗೊತ್ತಿತ್ತು. ಹೆಸರು ಮುಚ್ಚಿಡುವುದಷ್ಟೇ ಸಾಲದು. ಅಡಗಿಕೊಳ್ಳಲು ಸಂತೆಯಷ್ಟು ಜನ ಬೇಕು, ಹತ್ತು ಮಂದಿಯ ನಡುವೆ ಯಾರೂ ಅಡಗಲಾರರು. ಮೂರೂ ಜಾಲ ಕೂಡಿದರೆ ಬರೆದವರು ಹಾವೇರಿಯವರೋ, ರಾಣೆಬೆನ್ನೂರಿನವರೋ, ಬ್ಯಾಡಗಿಯವರೋ ಎಂದು ಕೂಡ ಹೇಳಲಾಗದು. ತೊಟ್ಟುವನ್ನು ಉಳಿಸಬೇಕಾದರೆ ಅದೊಂದೇ ದಾರಿ ಎಂದು ನನಗೆ ಆಗಲೇ ಅನ್ನಿಸಿತು.

ನನ್ನ ಅಪ್ಪ ಜಹಾಂಗೀರ ಹಾವೇರಿಯ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಕೊಡುವವನೂ ಕೊಳ್ಳುವವನೂ ಒಂದು ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಒತ್ತುತ್ತಾರೆ. ಸುತ್ತ ನಿಂತವರಿಗೆ ಇಬ್ಬರು ಕೈ ಹಿಡಿದದ್ದು ಕಾಣುತ್ತದೆ, ಮಾತು ಕಾಣುವುದಿಲ್ಲ. ನಾನು ಕಟ್ಟಿದ್ದು ಅಂಥದೇ ಒಂದು ಟವೆಲ್ಲು. ಮೂರು ಜಾಲಗಳ ಮೇಲೆ ಹಾಸಿದ ನಾಲ್ಕನೆಯ ಜಾಲ. ಊರಿಗೊಂದು ಸೇತುವೆ ಯಂತ್ರ, ಅವುಗಳ ನಡುವೆ ಬೀಗ ಹಾಕಿದ ಸುರಂಗ. ಸೇತುವೆಗೆ ತನ್ನ ಮುಂದಿನ ಯಂತ್ರ ಯಾವುದು ಎಂಬುದಷ್ಟೇ ಗೊತ್ತು. ಮಾತು ಹೊರಟದ್ದು ಎಲ್ಲಿಂದ, ಒಳಗೆ ಏನಿದೆ, ಅದಕ್ಕೂ ತಿಳಿಯದು. ಮೂರು ತರಹದ ಪ್ರೋಗ್ರಾಮುಗಳನ್ನು ಒಂದರೊಡನೊಂದು ಮಾತಾಡಿಸಲು ಇಡೀ ಮಳೆಗಾಲ ತಲೆ ಕೆಡಿಸಿಕೊಂಡೆ. ಕರೆಂಟು ಹೋದಾಗಲೆಲ್ಲ ಕರೆಂಟಿನವರ ಏಳು ತಲೆಮಾರನ್ನೂ ಬೈದೆ.

ಜಾಲಗಳನ್ನು ಕೂಡಿಸಿದ್ದು ರಾಣೆಬೆನ್ನೂರಿನಲ್ಲಿ, ವಿಜಯಮಹಾಂತೇಶರ ಕಾಲೇಜಿನ ಲ್ಯಾಬಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ. ಅವರು ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಬಗ್ಗೆ ಒಳ್ಳೆಯ ಮಾತಾಡುವ ತಾಳ್ಮೆ ನನಗೆ ಉಳಿಯುವುದಿಲ್ಲ. ಮನೆಯಿಂದ ಉಪ್ಪಿಟ್ಟು ಮಾಡಿಸಿ ತಂದಿದ್ದರು. ನನಗೂ ಶಂಭುಲಿಂಗನಿಗೂ ಬಡಿಸಿದ ಮೇಲೆಯೇ ತಾವು ತಿಂದರು.

"ನಂದೊಂದ ಕಟ್ಟಳಿ ಐತಿ ಸರ್," ಎಂದೆ ನಾನು. "ಇಲ್ಲಿ ಯಾರೂ ಯಾರಿಗೂ ಊರು ಕೇಳಬಾರ್ದು. ಯಾರ ಪೈಕಿ ಅಂತ ಕೇಳಬಾರ್ದು. ಮನಿದೇವರು ಕೇಳಬಾರ್ದು."

ಅವರು ನಕ್ಕರು. "ಅಷ್ಟೂ ಬಿಟ್ಟು ಮತ್ತ ಏನ್ ಮಾತಾಡೂದ್ರಿ ಮೇಡಂ?"

ನಾನು ನಗಲಿಲ್ಲ. ಅವರು ಆಗಲಿ ಎಂದು ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯನ್ನು ನಾನು ನಂಬಿದೆ.

ಮೊದಲ ಕೆಲವು ವಾರ ಜಾಲ ಹಬ್ಬದ ಮನೆಯಂತಿತ್ತು. ಮೂರು ಊರಿನ ಮಂದಿ, ಒಬ್ಬರ ಮುಖ ಒಬ್ಬರಿಗೆ ತಿಳಿಯದೆ, ಮನಸು ಬಿಚ್ಚಿ ಬರೆದರು. ಕಚೇರಿಯಲ್ಲಿ ಯಾವ ಮೇಜಿನ ಮೇಲೆ ಕಡತ ಕೊಳೆಯುತ್ತಿದೆ ಎಂದು ಒಬ್ಬರು. ಬೀಜದ ಕಂಪನಿಯ ಹೊಲದಲ್ಲಿ ಹತ್ತಿ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಲು ಶಾಲೆ ಬಿಡಿಸಿ ಮಕ್ಕಳನ್ನು ಕರೆತರುತ್ತಾರೆ ಎಂದು ಇನ್ನೊಬ್ಬರು. ಗಂಡ ಹೊಡೆಯುತ್ತಾನೆ, ಎಲ್ಲಿಗೆ ಹೋಗಲಿ ಎಂದು ಒಬ್ಬಳು ಕೇಳಿದರೆ ಸಂಜೆಯೊಳಗೆ ಅವಳಿಗೆ ಮೂರು ವಿಳಾಸ ಬಂದಿದ್ದವು. ತೊಟ್ಟು ಮತ್ತೆ ಬರೆದಳು, ಈ ಸಲ ಎಲ್ಲರಿಗೂ. ಬಣ್ಣದ ಡ್ರಮ್ಮು ಎಲ್ಲಿ ಇಡುತ್ತಾರೆ, ಯಾವ ಚೀಲಕ್ಕೆ ಹೋಗುತ್ತದೆ, ಎಲ್ಲ. 'ತಾಯಿ' ಎಂದು ತಾನೇ ಬರೆದುಕೊಂಡಿದ್ದರಿಂದ ಹೆಣ್ಣು ಎಂಬುದು ಗೊತ್ತಿತ್ತು, ಅಷ್ಟೇ.

ಅದನ್ನು ಹಾವೇರಿಯ ಪ್ರಭುಲಿಂಗಪ್ಪನವರಿಗೆ ತೋರಿಸಿದೆ. ಅವರದೊಂದು ವಾರಪತ್ರಿಕೆ, ಜಿಲ್ಲೆಯ ಅಧಿಕಾರಿಗಳು ಅದಕ್ಕೆ ಸ್ವಲ್ಪ ಹೆದರುತ್ತಾರೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟರು.

"ಖರೇ ಇರಬೇಕು. ಆದ್ರ ಹೆಸರಿಲ್ಲಲ್ರಿ. ನಾಳೆ ಮಾಲತೇಶಪ್ಪ ನನ್ನ ಕೋರ್ಟಿಗೆ ಎಳದ್ರ ಸಾಕ್ಷಿ ಕಟಕಟಿಯೊಳಗ ಯಾರ್ನ ನಿಲ್ಲಸ್ಲಿ? ತೊಟ್ಟನ್ನ?"

"ಹೆಸರು ಹೇಳಿದ್ರ ಆಕಿ ಉಳೀತಾಳೇನ್ರಿ?"

"ಅದೂ ಖರೇ," ಎಂದು ಚಹಾ ತರಿಸಿದರು. ಖಾರಪುಡಿ ತಿನ್ನುವ ಇಡೀ ಜಿಲ್ಲೆಗೆ ಎರಡು ಖರೇ ಸಿಕ್ಕವು, ಒಂದು ಸಾಲೂ ಅಚ್ಚಾಗಲಿಲ್ಲ.

ನಂತರದ ಸೋಮವಾರ ನಾನು ಸೆಂಟರಿನ ಬಾಗಿಲು ತೆಗೆದು ಜಾಲ ನೋಡಿದರೆ, ಎಲ್ಲರೂ ಓದುವ ಪುಟದ ಮೇಲೆ, ತೊಟ್ಟುವಿನ ಬರಹದ ಕೆಳಗೆ ಒಂದು ಸಾಲು: 'ತಂಗಿ, ನಿಮ್ಮ ಧೈರ್ಯಕ್ಕ ಶರಣು. ಯಾವೂರಾತು ತಮ್ಮದು? ಯಾರ ಪೈಕಿ?' ಅಡ್ಡಹೆಸರಿನಲ್ಲಿ ಬರೆದಿದ್ದರೂ ಬರೆದದ್ದು ಯಾರೆಂದು ನನಗೆ ಕೂಡಲೇ ಗೊತ್ತಾಯಿತು. ಅಷ್ಟು ಮರ್ಯಾದೆಯಿಂದ ಅಷ್ಟು ದೊಡ್ಡ ಅನಾಹುತ ಮಾಡಬಲ್ಲವರು ಮೂರು ಊರಿನಲ್ಲಿ ಒಬ್ಬರೇ.

ಫೋನು ಮಾಡಿದೆ. "ಸರ್, ಏನ್ ಮಾಡೀರಿ ಇದು?"

"ಕೇಳೂದರಾಗ ತಪ್ಪೇನೈತ್ರಿ ಮೇಡಂ? ಅಷ್ಟು ದೊಡ್ಡ ಮಾತು ಆಡ್ಯಾರ. ಊರು ಕೇಳದ ಸುಮ್ನ ಇದ್ರ ಮಂದಿ ನಮ್ಮನ್ನ ಏನಂತಾರ?"

"ಯಾವ ಮಂದಿ? ಯಾರಂತ ಯಾರಿಗೂ ಗೊತ್ತಿಲ್ಲಂತನ ಈ ಜಾಲ ಕಟ್ಟೀವಿ!"

"ನೀವು ಭಾಳ ಸಿಟ್ಟು ಮಾಡ್ಕೋತೀರಿ," ಎಂದರು ಮೆಲ್ಲಗೆ. ಆ ಮೆಲುದನಿ ಕೇಳಿ ನನ್ನ ರಕ್ತ ಇನ್ನಷ್ಟು ಕುದಿಯಿತು.

ಅಳಿಸೋಣವೆಂದರೆ ಅಳಿಸಲು ಬರುವ ಜಾಲವಲ್ಲ. ಆ ಪ್ರಶ್ನೆ ಅಲ್ಲೇ ಕೂತಿತು. ಅದಕ್ಕೆ ತೊಟ್ಟು ಉತ್ತರ ಕೊಡಲಿಲ್ಲ, ಕೊಟ್ಟವರು ಉಳಿದವರು. 'ನಮ್ದು ಕುಪ್ಪೇಲೂರರೀ' ಎಂದು ಒಬ್ಬರು. 'ಅಯ್ಯ, ನಮ್ಮ ಅತ್ತಿಮನಿ ಕುಪ್ಪೇಲೂರು, ಯಾವ ಓಣಿ?' ಎಂದು ಮತ್ತೊಬ್ಬರು. ಬೀಜದ ಕಂಪನಿಯ ಬಗ್ಗೆ ಬರೆದಿದ್ದವನಿಗೆ ಸೋದರಮಾವ ಸಿಕ್ಕ. ಕಚೇರಿಯ ಕಡತದ ಬಗ್ಗೆ ಬರೆದವರು ತಮ್ಮ ಹಿರಿಯಣ್ಣನ ಹೆಸರು ಹೇಳಿ, ತಾವು ಯಾರೆಂದು ಕಚೇರಿಗೆಲ್ಲ ಸಾರಿದರು. ನಾಲ್ಕನೆಯ ದಿನಕ್ಕೆ ನನ್ನ ಜಾಲ ಮದುವೆಯ ಹಂದರವಾಗಿತ್ತು. ಲೆಕ್ಕವಿಲ್ಲದಷ್ಟು ಬೀಗಗಳ ಹಿಂದೆ, ಯಾರೂ ಒಡೆಯಲಾರದ ಸುರಂಗದೊಳಗೆ ಕೂತು ಜನ ತಮ್ಮ ಮನೆಯ ಬಾಗಿಲು ತಾವೇ ತೆರೆದು, 'ಒಳಗ ಬರ್ರಿ' ಎನ್ನುತ್ತಿದ್ದರು. ಎಂಥೆಂಥ ಕಳ್ಳರ ಲೆಕ್ಕ ಹಾಕಿ ನಾನು ಆ ಬೀಗಗಳನ್ನು ಮಾಡಿದ್ದೆ! ಒಂದು ಕುಶಲದ ಪ್ರಶ್ನೆಗೆ ಬೀಗ ಮಾಡುವುದು ಹೇಗೆಂದು ನನಗೆ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ.

ಎಲ್ಲರೂ ಹೇಳಿಕೊಳ್ಳುತ್ತಿದ್ದರೆ ಹೇಳದವರು ಎದ್ದು ಕಾಣುತ್ತಾರೆ. ತೊಟ್ಟುವಿಗೂ ಅದು ಅರ್ಥವಾಗಿರಬೇಕು. ಇಲ್ಲವೇ, ಬಂದ ಮಾತಿಗೆ ತಿರುಗಿ ಮಾತಾಡದಿದ್ದರೆ ಸೊಕ್ಕು ಎಂದುಕೊಂಡಾರು ಎಂದು ಅಳುಕಿರಬೇಕು. ನಮ್ಮ ಹೆಣ್ಣುಮಕ್ಕಳನ್ನು ಹಾಗೆಯೇ ಬೆಳೆಸಿದ್ದಾರೆ. ಎಲ್ಲ ಬಿಟ್ಟು ಒಂದೇ ಮಾತು ಬರೆದಳು: 'ನಮ್ಮ ಮನೆದೇವರು ಕದರಮಂಡಲಗಿ ಹಣಮಪ್ಪ.'

ಬ್ಯಾಡಗಿ ಹತ್ತಿರದ ಕದರಮಂಡಲಗಿ ಊರಿನ ಹಣಮಪ್ಪನಿಗೆ ನಡೆದುಕೊಳ್ಳುವವರು ಅರ್ಧ ಸೀಮೆಯಿದ್ದಾರೆ. ಅದರಿಂದ ಯಾರನ್ನೂ ಹಿಡಿಯಲಾಗದು ಎಂದು ಅವಳು ಎಣಿಸಿದ್ದು ಸರಿಯಾಗಿಯೇ ಇತ್ತು. ಆದರೆ ಆ ಲೆಕ್ಕದಲ್ಲಿ ವಿಜಯಮಹಾಂತೇಶರು ಇರಲಿಲ್ಲ.

ಅವರದೂ ಅದೇ ಮನೆದೇವರು. ಸಂತೋಷ ತಡೆಯಲಾಗಲಿಲ್ಲ. ಬ್ಯಾಡಗಿಯಲ್ಲಿ ಅವರ ಸಂಬಂಧಿಕರ ಮನೆಯಲ್ಲಿ ಒಂದು ನಿಶ್ಚಯದ ಊಟವಿತ್ತು. ಅಲ್ಲಿ ಪಂಕ್ತಿಯಲ್ಲಿ ಕೂತು, ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತ, ಪಕ್ಕದವರನ್ನು ಕೇಳಿದರಂತೆ: 'ಖಾರಪುಡಿ ಗಿರಣ್ಯಾಗ ಕದರಮಂಡಲಗಿ ಕಡೆ ಹೆಣ್ಣಮಗಳು ಯಾರರ ಅದಾರೇನ್ರಿ? ಭಾಳ ಧೈರ್ಯದಾಕಿ. ಹಾವೇರಿ ಸುಮಯ್ಯಾ ಅಂತ, ನಮ್ಮ ಮೇಡಂ ಒಬ್ರು ಕಂಪ್ಯೂಟರ್ ಜಾಲ ಕಟ್ಟ್ಯಾರ, ಅದರಾಗ ಬರೀತಾಳ.' ಪಕ್ಕದಲ್ಲಿ ಕೂತವನು ಮಾಲತೇಶಪ್ಪನ ಅಳಿಯ. ಕೇಳುವಾಗ ಅದು ಇವರಿಗೆ ಗೊತ್ತಿರಲಿಲ್ಲ. ಊಟ ಮುಗಿದು ಎಲೆಅಡಿಕೆ ಹಾಕಿಕೊಳ್ಳುವಾಗ, ರೂಢಿಯಂತೆ 'ತಾವು ಯಾರ ಪೈಕಿ' ಎಂದು ವಿಚಾರಿಸಿದಾಗ ಗೊತ್ತಾಯಿತು.

ಇದನ್ನೆಲ್ಲ ನನಗೆ ಹೇಳಿದವರು ಅವರೇ. ಮರುದಿನ ಹಾವೇರಿಗೆ ಬಂದು, ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು. ಕೈಯಲ್ಲಿ ಒಂದು ಚೀಲವಿತ್ತು.

"ನನಗ ಕೆಟ್ಟ ಮಾಡೂ ಮನಸಿರಲಿಲ್ರಿ. ಆಕಿಗೆ ಕಾಲೇಜಿನ್ಯಾಗ ಒಂದು ಸನ್ಮಾನ ಮಾಡೋಣಂತ..."

"ಏನು?"

"ಸನ್ಮಾನ. ಶಾಲು ತಂದೀನಿ," ಎಂದು ಚೀಲ ತೆರೆದು ತೋರಿಸಿದರು.

ಯಾರಿಗೂ ಗೊತ್ತಾಗಬಾರದೆಂದು ಜೀವ ಮುಷ್ಟಿಯಲ್ಲಿ ಹಿಡಿದುಕೊಂಡು ಬರೆದವಳಿಗೆ ಈ ಮನುಷ್ಯ ವೇದಿಕೆ ಹಾಕಿಸಿ, ಹಾರ ಹಾಕಿ, ಶಾಲು ಹೊದಿಸಲು ಹೊರಟಿದ್ದರು. ನಾನು ಜನ್ಮದಲ್ಲಿ ಅಷ್ಟು ಕೂಗಿಲ್ಲ. ಬೀದಿಯ ವಕೀಲರೆಲ್ಲ ಬಾಗಿಲಿಗೆ ಬಂದು ನಿಂತರು. ಶಾಲನ್ನು ಚೀಲಸಮೇತ ಹೊರಗೆ ಎಸೆದೆ. ಅವರು ಅದನ್ನು ಎತ್ತಿಕೊಂಡು, ಮಣ್ಣು ಜಾಡಿಸಿ, ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಪಾಪ ಅನ್ನಿಸಿತೇ ಎಂದು ಕೇಳಬೇಡಿ. ಅನ್ನಿಸಲಿಲ್ಲ.

ಅದೇ ದಿನ ಸಂಜೆ ಶಂಭುಲಿಂಗ ಫೋನು ಮಾಡಿದ. ಮಾಲತೇಶಪ್ಪನ ಗಿರಣಿಯಲ್ಲಿ ಕದರಮಂಡಲಗಿಯವಳೆಂದರೆ ಪುಡಿ ಪರೀಕ್ಷೆ ಮಾಡುವ ಕೋಣೆಯ ಹುಡುಗಿ ಒಬ್ಬಳೇ, ಸ್ನೇಹಾ ಎಂದು. ಅವಳನ್ನು ಎಲ್ಲರ ಮುಂದೆ ಅಂಗಳಕ್ಕೆ ಕರೆದು, ಬ್ಯಾಗು ಬೋರಲು ಹಾಕಿ, ಪುಡಿ ಕದ್ದಳೆಂದು ಬಯ್ದು ಹೊರಗೆ ಹಾಕಿದ್ದರು. ಇನ್ನು ಮಾರ್ಕೆಟಿನ ಯಾವ ಗಿರಣಿಯಲ್ಲೂ ಅವಳನ್ನು ಇಟ್ಟುಕೊಳ್ಳಕೂಡದು ಎಂದು ಮಾತು ಹೋಗಿತ್ತು. ಊರಲ್ಲಿ ಅವಳ ತಾಯಿ ಉಚ್ಚಂಗೆವ್ವನ ಮನೆಯ ಮುಂದೆ ಇಬ್ಬರು ಬಂದು ನಿಂತು, 'ಮಗಳಿಗೆ ಬುದ್ಧಿ ಹೇಳು' ಎಂದು ಹೋಗಿದ್ದರು.

ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ತೊಟ್ಟುವನ್ನು ಉಳಿಸಲೆಂದೇ ಇಷ್ಟೆಲ್ಲ ಕಟ್ಟಿದ್ದೆ, ಅವಳೇ ಸಿಕ್ಕಿಬಿದ್ದಿದ್ದಳು. ಹಾಗೆಂದೇ ಎರಡು ದಿನ ನಂಬಿದ್ದೆ. ಮೂರನೆಯ ದಿನ ಜಾಲದಲ್ಲಿ ತೊಟ್ಟು ಮತ್ತೆ ಬರೆದಳು. ಬೇರೆ ಯಾರೂ ಆ ಹೆಸರಲ್ಲಿ ಬರೆಯಲು ಬಾರದಂತೆ ಅವಳ ಪ್ರತಿ ಬರಹಕ್ಕೂ ಒಂದು ಗುಟ್ಟಿನ ಮುದ್ರೆ ಬೀಳುತ್ತದೆ. ಮುದ್ರೆ ಅದೇ ಆಗಿತ್ತು. 'ಅವರು ಹೊರಗ ಹಾಕಿದ್ದು ನನ್ನನ್ನಲ್ಲ. ಆ ಹುಡುಗಿ ಏನೂ ಮಾಡಿಲ್ಲ. ನಾನಿನ್ನೂ ಗಿರಣಿಯೊಳಗ ಅದೇನಿ. ಬಾಯಿ ಬಿಟ್ಟರ ನನ್ನ ಮಗಳಿಗೆ ಯಾರೂ ಇಲ್ಲ. ಏನ್ ಮಾಡ್ಲಿ?'

ಸೋದರಮಾವಂದಿರು, ಅತ್ತೆಮನೆಯವರು, ಬೀಗರು, ಅಷ್ಟೂ ಜನ ಬಾಯಿಗೆ ಬೀಗ ಹಾಕಿಕೊಂಡು ಕೂತರು.

ಅದಾದ ಮರುದಿನ ಮಧ್ಯಾಹ್ನ ನಾನು ಒಬ್ಬಳೇ ಇದ್ದಾಗ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಳು. ಇಪ್ಪತ್ತೆರಡೋ ಇಪ್ಪತ್ತಮೂರೋ. ಬಸ್ಸಿನ ಧೂಳು ಮೈಮೇಲೆ ಹಾಗೇ ಇತ್ತು.

"ಸುಮಯ್ಯಾ ಅಂದ್ರ ನೀವ ಏನ್ರಿ?"

"ಹೌದು."

"ನಾನು ಸ್ನೇಹಾ. ನಿಮ್ಮ ಹೆಸರು ನನಗ ಮಾಲತೇಶಪ್ಪ ಹೇಳ್ಯಾನ, ಬೈಗಳ ಜೋಡಿ." ಒಳಗೆ ಬಂದು ಮೇಜಿನ ಮೇಲೆ ಎರಡೂ ಕೈ ಊರಿದಳು. "ನಾನು ಜನ್ಮದಾಗ ನಿಮ್ಮ ಜಾಲ ಮುಟ್ಟಿಲ್ಲ. ಒಂದು ಅಕ್ಷರ ಬರದಿಲ್ಲ. ನನ್ನ ಬ್ಯಾಗ್ ಅಂಗಳದಾಗ ಸುರುವಿದ್ರು. ನನ್ನ ಬಟ್ಟಿ, ನನ್ನ ಡಬ್ಬಿ, ಎಲ್ಲಾ ಗಂಡಸ್ರ ಮುಂದ. ಯಾರಕಿ? ಹೆಸರು ಹೇಳ್ರಿ."

"ನನಗ ಗೊತ್ತಿಲ್ಲ."

"ಸುಳ್ಳ. ಕಟ್ಟಿದಾಕಿ ನೀವು. ಯಾವೂರಾಕಿ? ಯಾರ ಪೈಕಿ ಆಕಿ?"

ಆ ಪ್ರಶ್ನೆ ನನಗೆ ಎಷ್ಟೋ ಜನ ಕೇಳಿದ್ದಾರೆ. ಯಾರು ಕೇಳಿದರೂ ಮೈ ಉರಿಯುತ್ತಿತ್ತು. ಅದನ್ನು ಕೇಳುವ ಹಕ್ಕಿದ್ದವಳು ಅವಳೊಬ್ಬಳೇ. ನಾನು ಯಂತ್ರವನ್ನು ಅವಳ ಕಡೆ ತಿರುಗಿಸಿ, ತೊಟ್ಟು ಬರೆದದ್ದನ್ನೆಲ್ಲ ಮೊದಲಿನಿಂದ ತೆರೆದುಕೊಟ್ಟೆ. ಕಟ್ಟಿದವಳಿಗೂ ಬರೆದವಳು ಕಾಣದ ಹಾಗೆ ಕಟ್ಟಿದ್ದು ಯಾಕೆಂದು ಹೇಳಿದೆ. ಅವಳು ನಂಬಿದಳೋ ಇಲ್ಲವೋ ತಿಳಿಯದು. ಓದಿದಳು. ಕೊನೆಯದನ್ನು ಓದಿ, ಹೊರಳಿ ಮತ್ತೆ ಓದಿದಳು.

ಅಷ್ಟರಲ್ಲಿ ಅಪ್ಪ ಬಂದರು. ದಿನಾ ಆ ಹೊತ್ತಿಗೆ ನನಗೆ ಚಹಾ ತರುತ್ತಾರೆ. ಹೊಸ ಮುಖ ಕಂಡು ಒಂದು ಕಪ್ಪು ಅವಳಿಗೂ ಬಗ್ಗಿಸಿ, ಎಂದಿನ ಅಕ್ಕರೆಯಲ್ಲಿ ಕೇಳಿದರು: "ಯಾವೂರವ್ವಾ ನಿಂದು? ಯಾರ ಪೈಕಿ?"

ನಾನು "ಅಬ್ಬಾ, ನೀವೂ ಅದನ್ನ ಕೇಳ್ತೀರೇನ್ರಿ!" ಎಂದು ಚೀರಿದೆ. ಅಪ್ಪ ಬೆಚ್ಚಿ ಚಹಾ ಚೆಲ್ಲಿದರು. ಜೀವಮಾನವೆಲ್ಲ ಟವೆಲ್ಲಿನ ಕೆಳಗೆ ಗುಟ್ಟು ಕಾಯ್ದ ಮನುಷ್ಯ! ಸ್ನೇಹಾ ಮಾತ್ರ ನನ್ನನ್ನೂ ಅಪ್ಪನನ್ನೂ ನೋಡಿ ನಕ್ಕಳು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಇಳಿಯಿತು. ಓಣಿ ಓಣಿಯಲ್ಲಿ ಅವಳ ಮರ್ಯಾದೆ ಕಳೆದ ಮೇಲೆ ಆ ಮಾತನ್ನು ಪ್ರೀತಿಯಿಂದ ಕೇಳಿದವರು ಅವರೇ ಮೊದಲಿಗರೋ ಏನೋ.

"ಕದರಮಂಡಲಗಿರಿ, ಚಾಚಾ," ಎಂದಳು. "ಉಚ್ಚಂಗೆವ್ವನ ಮಗಳು."

"ಛಲೋ ಊರು," ಎಂದರು ಅಪ್ಪ. ಏನು ತಪ್ಪಾಯಿತೆಂದು ತಿಳಿಯದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ಸ್ನೇಹಾ ಚಹಾ ಕುಡಿಯಲಿಲ್ಲ. ತನ್ನ ಬಲಗೈ ಬೆರಳುಗಳನ್ನು ನನ್ನ ಮುಂದೆ ಹಿಡಿದಳು. ಉಗುರಿನ ಅಂಚಿನಲ್ಲಿ ಒಂದು ಕೆಂಪು ಗೆರೆ.

"ಖರೇ ಮೆಣಸಿನಕಾಯಿ ಬಣ್ಣ ಎಣ್ಣಿ ಹಚ್ಚಿ ತಿಕ್ಕಿದ್ರ ಹೋಗ್ತದ. ಇದು ಹೋಗವಲ್ದು. ನನಗ ಗೊತ್ತಿತ್ತರಿ. ಪರೀಕ್ಷಾಕ್ಕ ನನ್ನ ಕೈಗೆ ಕೊಡೋ ಪೊಟ್ಟಣ ಬ್ಯಾರೆ, ಚೀಲಕ್ಕ ಹೋಗೋ ಪುಡಿ ಬ್ಯಾರೆ ಅಂತ. ನೌಕರಿ ಹೋಗ್ತದಂತ ಬಾಯಿ ಮುಚ್ಕೊಂಡಿದ್ದೆ." ಕೈ ಕೆಳಗಿಳಿಸಿದಳು. "ಈಗ ಹೋತಲ್ಲ."

"ನೀ ಏನೂ ಮಾಡಬೇಕಾಗಿಲ್ಲ, ತಂಗಿ."

"ಮಾಡದಿದ್ರೂ ಮಾಡ್ಯಾಳಂತ ಹೊರಗ ಹಾಕ್ಯಾರಲ್ರಿ. ಆಚೆ ಸರೀರಿ."

ನಾನು ಎದ್ದೆ, ಅವಳು ನನ್ನ ಕುರ್ಚಿಯಲ್ಲಿ ಕೂತಳು. ಅಡ್ಡಹೆಸರು ಏನಿಡಲಿ ಎಂದು ಪ್ರೋಗ್ರಾಮು ಕೇಳಿತು. ಅಲ್ಲಿ ತನ್ನ ಹೆಸರನ್ನೇ ಹೊಡೆದಳು. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕುತ್ತ ಟೈಪು ಮಾಡಿದಳು. ನಾನು ಹಿಂದೆ ನಿಂತು ಓದಿದೆ.

'ಇಲ್ಲಿ ಒಬ್ಬರು ಯಾವೂರು, ಯಾರ ಪೈಕಿ ಅಂತ ಕೇಳಿದ್ದರಲ್ಲ, ಕೇಳಿಕೊಳ್ಳಿರಿ. ಊರು ಕದರಮಂಡಲಗಿ. ತಾಯಿ ಉಚ್ಚಂಗೆವ್ವ. ನಾನು ಸ್ನೇಹಾ. ಮಾಲತೇಶಪ್ಪನ ಗಿರಣಿಯಲ್ಲಿ ಪುಡಿ ಪರೀಕ್ಷೆ ಮಾಡುತ್ತಿದ್ದವಳು. ತೊಟ್ಟು ಬರೆದದ್ದು ಖರೇ. ನಾನು ಕಣ್ಣಾರೆ ಕಂಡೀನಿ. ಎಲ್ಲಿ ಕರೆದರೂ ಬಂದು ಹೇಳತೀನಿ. ತೊಟ್ಟು ಯಾರಂತ ಇನ್ನ ಯಾರೂ ಹುಡುಕಬ್ಯಾಡ್ರಿ. ಬೇಕಾದವರು ನನ್ನ ಮನಿಗೆ ಬರ್ರಿ.'

ಬರೆದು ಮುಗಿಸಿ, ಬೆರಳನ್ನು ಕೀಲಿಯ ಮೇಲೆ ಇಟ್ಟುಕೊಂಡು ಹಿಂತಿರುಗಿ ನೋಡಿದಳು.

"ಆಮ್ಯಾಲ ಇದನ್ನ ಯಾರರ ಅಳಸಾಕ ಬರ್ತದೇನ್ರಿ? ಮಾಲತೇಶಪ್ಪ? ಪೊಲೀಸ್ರು?"

"ಇಲ್ಲ."

"ನೀವು?"

"ನನಗೂ ಬರೂದಿಲ್ಲ. ನಿನಗೂ ಬರೂದಿಲ್ಲ. ಇನ್ನೊಮ್ಮೆ ವಿಚಾರ ಮಾಡು."

"ಛಲೋ ಆತು," ಎಂದು ಒತ್ತಿಬಿಟ್ಟಳು.

ಅದು ಚೂರಾಗಿ, ಬೀಗ ಬಿದ್ದು, ನನ್ನ ಟವೆಲ್ಲಿನ ಕೆಳಗಿನಿಂದ ಮೂರೂ ಊರಿಗೆ ಹರಡುವುದನ್ನು ನಿಂತು ನೋಡಿದೆ. ಹೆಸರು ಅಡಗಿಸಲೆಂದು ಮಳೆಗಾಲವಿಡೀ ಕಟ್ಟಿದ ದಾರಿಯಲ್ಲಿ ಒಂದು ಹೆಸರು ಎದೆ ಸೆಟೆಸಿ ಹೋಗುತ್ತಿತ್ತು. ನನಗೆ ಹೆಮ್ಮೆ ಆಗಲಿಲ್ಲ. ಸಿಟ್ಟು ಬಂತು. ಇಷ್ಟು ದೊಡ್ಡ ಮಂದಿಯಲ್ಲಿ ಹೆಸರು ಹೇಳಬೇಕಾಗಿ ಬಂದದ್ದು ಎಲ್ಲ ಕಳೆದುಕೊಂಡ ಈ ಹುಡುಗಿಯೊಬ್ಬಳಿಗೇ?

ಫೋನು ಎತ್ತಿ ಪ್ರಭುಲಿಂಗಪ್ಪನವರ ಪತ್ರಿಕೆಗೆ ಹಚ್ಚಿದೆ. ಅವರೇ ಎತ್ತಿಕೊಂಡು, "ಏನ್ರಿ ಸುಮಯ್ಯಾ ಮೇಡಂ, ಆರಾಮೇನು?" ಎಂದರು.

"ನಿಮಗ ಹೆಸರು ಬೇಕಾಗಿತ್ತಲ್ರಿ, ಬಂದು ಕುಂತೈತಿ," ಎಂದೆ. "ಊರೂ ಐತಿ, ಪೈಕೀನೂ ಐತಿ. ಇನ್ನ ನಿಮ್ಮ ಹತ್ರ ಏನ್ ನೆವ ಉಳದೈತಿ, ಅದನ್ನ ಹೇಳ್ರಿ."

ಆ ಕಡೆ ಅವರು ಕಾಗದ ಎಳೆದುಕೊಂಡ ಸದ್ದು ಕೇಳಿಸಿತು. ಸ್ನೇಹಾ ಆರಿದ ಚಹಾ ಎತ್ತಿಕೊಂಡು ಕುಡಿಯುತ್ತಿದ್ದಳು.